ತಮ್ಮನ ಹೆಸರು ಹೊತ್ತು, ಮೊಸಳೆಗಳ ಜೊತೆ ಸೀಮೆಗೆ

ಬಿಳಿಯರ ಸೀಮೆಯಲ್ಲಿ ಒಬ್ಬ ವಯಸ್ಸಾದ ದೊರೆ ನನ್ನನ್ನು ಒಂದು ಪ್ರಶ್ನೆ ಕೇಳಿದರು. ಹೌದು ಎನ್ನಬೇಕಾಗಿತ್ತು. ನಾನು ಇಲ್ಲ ಎಂದೆ. ಆ ಪ್ರಶ್ನೆ ನನಗಾಗಿ ಇದ್ದದ್ದೂ ಅಲ್ಲ, ನನ್ನ ತಮ್ಮ ಕಾಳನಿಗಾಗಿ ಇದ್ದದ್ದು. ಅವನು ಹೋಗಬೇಕಾಗಿದ್ದ ಪ್ರಯಾಣ ನಾನು ಹೋದೆ. ಅವನು ಕೊಡುತ್ತಿದ್ದ ಉತ್ತರವನ್ನು ಕೊಡದೆ ಬಂದೆ.

ಹಡಗು ಎಷ್ಟು ದೊಡ್ಡದು, ಬಿಳಿಯರು ಏನು ತಿನ್ನುತ್ತಾರೆ ಎಂದು ಊರವರು ಇವತ್ತಿಗೂ ಕೇಳುತ್ತಾರೆ. ಅದನ್ನೂ ಬರೆಯುತ್ತೇನೆ. ಆದರೆ ಈ ಮಾತನ್ನು ಮೊದಲು ಬರೆಯದೆ ಅದನ್ನು ಬರೆದರೆ ಇನ್ನೊಂದು ಸುಳ್ಳಾಗುತ್ತದೆ.

ಬೀಚನಹಳ್ಳಿ

ನಮ್ಮದು ಕಪಿಲೆಯಲ್ಲಿ ಹರಿಗೋಲು ಹಾಕುವ ಮನೆ. ನನ್ನ ಹೆಸರು ಸಿದ್ದ. ಅಪ್ಪ ನನ್ನನ್ನು ಹತ್ತಿರದ ಕೋಟೆ ಊರಿನ ಶಾಲೆಗೆ ಮೂರು ವರ್ಷ ಕಳಿಸಿದರು. ಕಾಳನ ಸರದಿ ಬರುವ ಹೊತ್ತಿಗೆ ಅಪ್ಪನ ಮೊಣಕಾಲು ಕೆಟ್ಟಿತು. ಅವನ ಕೈಗೆ ಸ್ಲೇಟಿನ ಬದಲು ಹುಟ್ಟು ಬಂತು. ನಾನು ಕಾಗದ ಓದುವುದನ್ನು ಕಲಿತೆ, ಅವನು ಹೊಳೆ ಓದುವುದನ್ನು ಕಲಿತ. ಯಾವ ಮಡುವಿನಲ್ಲಿ ಯಾವ ಮೊಸಳೆ, ಯಾವ ಹುತ್ತದಲ್ಲಿ ಉಡ, ಎಲ್ಲ ಅವನಿಗೆ ಗೊತ್ತು.

ಬೇಟೆಗೆ ಬಂದಿದ್ದ ಒಬ್ಬ ದೊರೆಯನ್ನು ಕಾಳ ಎಂಟು ದಿನ ಹರಿಗೋಲಿನಲ್ಲಿ ಸುತ್ತಾಡಿಸಿದ್ದ. ಆ ದೊರೆ ತಮ್ಮ ದೇಶಕ್ಕೆ ಹೋಗಿ ಒಬ್ಬ ಗೆಳೆಯರಿಗೆ ಅವನ ವಿಷಯ ಹೇಳಿದರಂತೆ. ಆ ಗೆಳೆಯರು ಶ್ರೀಮಂತರು. ಹಾವು, ಹಲ್ಲಿ, ಆಮೆ, ಮೊಸಳೆ ಇವನ್ನೇ ಸಾಕಲು ತೋಟದಲ್ಲಿ ಗಾಜಿನ ಮನೆ ಕಟ್ಟಿಸಿದ್ದವರು. ಮಾರನೆಯ ವರ್ಷ ಅವರ ಪರವಾಗಿ ಮೈಸೂರಿನ ಗುಮಾಸ್ತರೊಬ್ಬರಿಂದ ಕನ್ನಡದಲ್ಲಿ ಕಾಗದ ಬಂತು. ಬೇಕಾದ ಪ್ರಾಣಿಗಳ ಹೆಸರು ಬರೆದು, ಕೊನೆಯಲ್ಲಿ ಹೀಗಿತ್ತು: "ಹರಿಗೋಲಿನ ಕಾಳನೇ ಪ್ರಾಣಿಗಳ ಜೊತೆ ಬರತಕ್ಕದ್ದು. ದೊರೆಯವರು ಅವನಿಂದ ಕೆಲವು ಸಂಗತಿ ಕೇಳಿ ತಿಳಿಯಬಯಸುತ್ತಾರೆ."

ಕಾಳ ಎದುರಿಗೇ ಕೂತು ಹರಿಗೋಲಿಗೆ ಹೊಸ ತೊಗಲು ಹೊಲಿಯುತ್ತಿದ್ದ.

"ಏನಂತೆ ಅಣ್ಣಯ್ಯ?"

"ಪ್ರಾಣಿ ಬೇಕಂತೆ ಕಣ್ಲಾ. ಅದ್ರ ಜೊತೆ ಓದು ಬರ್ಹ ಬಲ್ಲೋನು ಒಬ್ಬ ಬರ್ಬೇಕಂತೆ."

ಹೇಳಲು ಒಂದು ಉಸಿರೂ ಹಿಡಿಯಲಿಲ್ಲ. ಕಾಳ ದಬ್ಬಳ ಕೆಳಗಿಟ್ಟ.

"ಅಂಗಾರೆ ನೀನೇ ಸೈ. ನಂಗೆಲ್ಲಿ ಬತ್ತದೆ ಓದು?" ಎಂದವನು ನಕ್ಕುಬಿಟ್ಟ. "ಅಲ್ಲಾ, ಮೊಸಳೆ ಜೊತೆ ಓಗೋನ್ಗೆ ಓದು ಯಾಕಂತೆ? ಅದೇನು ಪಾಠ ಒಪ್ಪಿಸ್ತದಾ?"

ನಾನೂ ನಕ್ಕೆ. ಪ್ರಾಣಿಗಳನ್ನು ಹಿಡಿದುಕೊಟ್ಟವನೂ ಅವನೇ. ಹೊರಡುವ ಮುಂಚೆ ನಾಲ್ಕು ದಿನ ಅವನು ತನಗೆ ಗೊತ್ತಿದ್ದದ್ದನ್ನೆಲ್ಲ ನನ್ನ ತಲೆಗೆ ತುಂಬಿದ.

"ಮೊಸಳೆಗೆ ದಿನಕ್ಕೆ ಎರಡು ಸಲ ಗೋಣಿ ನೆನೆಸಿ ಒದಿಸು. ಊಟ ಬ್ಯಾಡ, ತಿಂಗ್ಳು ಉಪಾಸ ಇದ್ರೂ ಅದ್ಕೇನಾಗಕಿಲ್ಲ. ಹೆಬ್ಬಾವು ಮೊನ್ನೆ ತಾನೆ ಮೊಲ ನುಂಗ್ಯದೆ, ಅದ್ರ ತಂಟೆಗೆ ಓಗ್ಬ್ಯಾಡ. ಉಡದ ಪೆಟ್ಗೆ ಮುಚ್ಚಳನ ತಂತೀಲಿ ಬಿಗಿ, ಅಗ್ಗ ಕಟ್ಬ್ಯಾಡ. ಆಮೆ ಚಳಿಗೆ ಸತ್ತಂಗೆ ಒಳೀಕೆ ಓಯ್ತದೆ. ಎಸೆದುಬುಟ್ಟೀಯ! ಒಂದಿನ ಪೂರಾ ಬಿಸ್ಲಿಗಿಟ್ಟು ನೋಡು."

"ಯಾಕ್ಲಾ ಅಂಗೆ?"

"ಇವುಕ್ಕೆ ಮೈಯೊಳ್ಗೆ ಒಲೆ ಇಲ್ಲ ಕಣಣ್ಣಯ್ಯ. ನಮ್ಗದೆ. ಇವು ಬಿಸೀನ ಒರಗಿಂದ ಈಸ್ಕೋಬೇಕು."

ಒಂದು ವಿಷಯ ಮಾತ್ರ ಅವನು ಹೇಳಲಿಲ್ಲ. ಎರಡು ವರ್ಷದ ಹಿಂದೆ, ಮುಂಗಾರಿಗೆ ಮುಂಚೆ, ತಾಯಿ ಮೊಸಳೆ ಮರಳಿನಿಂದ ಮೊಟ್ಟೆಯೊಡೆದ ಮರಿಗಳನ್ನು ಬಾಯಲ್ಲಿ ಎತ್ತಿಕೊಂಡು ನೀರಿಗೆ ಬಿಟ್ಟದ್ದನ್ನು ಅವನು ಕಂಡಿದ್ದ. ಮನೆಗೆ ಓಡಿಬಂದು ಹೇಳಿದಾಗ ನಾನು, "ಬಾಯೊಳಕ್ಕೆ ಓಗಿದ್ದು ಕಂಡೆ, ಒಟ್ಟೆಗೆ ಓಗಿದ್ದು ಕಾಣ್ನಿಲ್ವಾ?" ಎಂದು ಎಲ್ಲರೆದುರು ಆಡಿಕೊಂಡಿದ್ದೆ. ಮತ್ತೆಂದೂ ಅವನು ನನ್ನ ಹತ್ತಿರ ಆ ಮಾತೆತ್ತಲಿಲ್ಲ. ಬೇಟೆಯ ದೊರೆಗೆ ಹೇಳಿದ್ದ ಎಂಬುದು ನನಗೆ ತಿಳಿದದ್ದು ಏಳು ಸಮುದ್ರದಾಚೆ.

ಹುಣಸೂರು

ಪೆಟ್ಟಿಗೆ ಮಾಡಿದ್ದು ಹುಣಸೂರಿನ ಬಡಗಿ ಬಾಷಾ ಸಾಬರು. ದಾರಿಯಲ್ಲಿ ಪೆಟ್ಟಿಗೆ ಮುರಿದರೆ ರಿಪೇರಿಗೆಂದು ಗುಮಾಸ್ತರು ಅವರನ್ನೂ ಜೊತೆಗೆ ಗೊತ್ತುಮಾಡಿದ್ದರು. ಐವತ್ತರ ಆಸುಪಾಸಿನ ಮನುಷ್ಯ, ಬಿಳಿ ಗಡ್ಡ, ಕಿವಿಯ ಮೇಲೆ ಸದಾ ಪೆನ್ಸಿಲು.

"ನೀನೇನಾ ಮೊಸಳೆ ಕಾಳಪ್ಪ? ಆಳು ನೋಡಿದ್ರೆ ಪಟೇಲರ ಮನೆ ಲೆಕ್ಕ ಬರೆಯೋನ ತರ ಇದೀಯ," ಎಂದರು.

ಅದಕ್ಕೆ ಮುಂಚೆಯೇ ಮೈಸೂರಿನಲ್ಲಿ ಗುಮಾಸ್ತರಿಗೆ ನಾನೇ ಕಾಳ ಎಂದು ಹೇಳಿ ಆಗಿತ್ತು. ಕಾಗದಗಳೆಲ್ಲ ಅವನ ಹೆಸರಿನಲ್ಲಿ ಮೊದಲೇ ತಯಾರಾಗಿದ್ದವು. ಸಹಿಯ ಜಾಗದಲ್ಲಿ "ಓದು ಬರಹ ಬಾರದವನು" ಎಂದು ಬರೆದು, ಗುಮಾಸ್ತರು ನನ್ನ ಹೆಬ್ಬೆರಳು ಹಿಡಿದು ಮಸಿಗೆ ಅದ್ದಿದರು. ಓದು ಬಲ್ಲೆನೆಂಬ ನೆವದಲ್ಲಿ ಹೊರಟವನು ಹೆಬ್ಬೆಟ್ಟು ಒತ್ತಿದೆ. ಅಲ್ಲಿಂದ ತಿಂಗಳುಗಟ್ಟಲೆ, ಎದುರಿಗೆ ಕನ್ನಡ ಅಕ್ಷರ ಕಂಡರೂ ಕಾಣದವನ ಹಾಗೆ ಮುಖ ತಿರುಗಿಸಿಕೊಂಡು ಓಡಾಡಿದೆ.

ಏಡನ್ನಿಗೆ ಮುಂಚೆ

ಬೊಂಬಾಯಿಯಲ್ಲಿ ಹಡಗು ಹತ್ತಿದೆವು. ಸಮುದ್ರದ ಬಗ್ಗೆ ನಾನು ಹೆಚ್ಚು ಬರೆಯಲಾರೆ, ಮೊದಲ ಐದು ದಿನ ನಾನು ನೋಡಿದ್ದು ಒಂದು ತಗಡಿನ ಬಕೆಟ್ಟನ್ನು. ಹೊಳೆಯ ಮೇಲೆ ಹುಟ್ಟಿದವನಿಗೆ ಹೀಗಾಯಿತಲ್ಲ ಎಂದು ಬಾಷಾ ಸಾಬರಿಗೆ ಆಶ್ಚರ್ಯ. ಅವರು ಜನ್ಮದಲ್ಲಿ ಲಕ್ಷ್ಮಣತೀರ್ಥಕ್ಕಿಂತ ದೊಡ್ಡ ನೀರು ಕಂಡವರಲ್ಲ, ಆದರೂ ಹಡಗಿನ ಮೇಲೆ ತಮ್ಮ ಅಂಗಳದಲ್ಲಿ ನಡೆದಂತೆ ನಡೆಯುತ್ತಿದ್ದರು.

ಆರನೆಯ ದಿನ ಬೆಳಿಗ್ಗೆ ಅಡಿಗೆ ಕೋಣೆಯಿಂದ ಕೂಗು ಕೇಳಿತು. ಅಡಿಗೆಯವನು ಮೇಜಿನ ಮೇಲೆ ನಿಂತಿದ್ದ. ಕೆಳಗೆ ನಮ್ಮ ಉಡ, ಸೀಳು ನಾಲಿಗೆ ಚಾಚುತ್ತ ಪಾತ್ರೆಗಳ ನಡುವೆ ನಿಧಾನವಾಗಿ ಹೋಗುತ್ತಿತ್ತು. ತಂತಿ ಸಿಕ್ಕದೆ ನಾನು ಹಗ್ಗವನ್ನೇ ಕಟ್ಟಿದ್ದೆ.

"ಯಾ ಅಲ್ಲಾ! ಕಾಳಪ್ಪ, ನಿನ್ನ ಉಡ ಸಾರಿಗೆ ಉಪ್ಪು ನೋಡೋಕೆ ಬಂದದೆ ಬಾರೋ!"

ನಾನು ಬಾಲ ಹಿಡಿದೆ. ಅದು ತಿರುಗಿ ಬಾಲದಿಂದಲೇ ಮೊಣಕಾಲಿಗೆ ಬಾರಿಸಿತು. ಕೊನೆಗೆ ಬಾಷಾ ಸಾಬರು ಹೆಗಲ ಮೇಲಿನ ಟವಲನ್ನು ಅದರ ತಲೆಯ ಮೇಲೆ ಎಸೆದರು. ಕಣ್ಣಿಗೆ ಕತ್ತಲಾದದ್ದೇ ಅದು ಸುಮ್ಮನಾಯಿತು.

"ಏನಯ್ಯಾ ನೀನು, ಹಿಡಿಯೋ ಕಸುಬಿನೋನು ಬಾಲ ಹಿಡೀತೀಯಾ? ನಮ್ಮ ಮನೆ ಹೆಂಗಸರೂ ಹಿಡಿಯಲ್ಲ."

ಅವಮಾನವಾಯಿತು. ಆ ಸಂಜೆ ಮರ್ಯಾದೆ ಉಳಿಸಿಕೊಳ್ಳಲು ನಾನು ಕಾಳನ ಕಥೆಯನ್ನೇ ನನ್ನದೆಂದು ಹೇಳಿದೆ. ತಾಯಿ ಮೊಸಳೆ ಮರಿಗಳನ್ನು ಬಾಯಲ್ಲಿ ಹೊತ್ತದ್ದು, ಅದರ ಹಲ್ಲುಗಳ ಸಂದಿಯಿಂದ ಮರಿಗಳು ಇಣುಕಿದ್ದು, ನೀರಿಗಿಳಿದು ಬಾಯಿ ತೆರೆದು ತಲೆ ಅಲ್ಲಾಡಿಸಿದ್ದು. "ನಾನೇ ಕಂಡೆ ಸಾಬ್ರೇ," ಎಂದೆ.

"ಸುಭಾನಲ್ಲಾ," ಎಂದರು ಬಾಷಾ ಸಾಬರು. "ಅಂಥ ಬಾಯಲ್ಲೂ ದೇವ್ರು ತಾಯಿ ಇಟ್ಟವ್ನೆ ನೋಡು."

ನಾನು ನಂಬದ ಮಾತನ್ನು ಅವರು ಒಂದೇ ಸಲಕ್ಕೆ ನಂಬಿದರು.

ಸೂಯೆಜ್ ದಾಟಿದ ಮೇಲೆ

ಕಾಲುವೆ ದಾಟಿ ಎರಡು ದಿನಕ್ಕೆ ಚಳಿ ಹಿಡಿಯಿತು. ಕಪಿಲೆಯ ಮಾಗಿ ಅದರ ಮುಂದೆ ಬೇಸಿಗೆ. ಬೆನ್ನ ಮೇಲೆ ನಕ್ಷತ್ರ ಬರೆದಂತಿರುವ ಆರು ಆಮೆ ತಂದಿದ್ದೆವು. ಅವುಗಳಲ್ಲಿ ಎರಡು ತಲೆ, ಕಾಲು ಎಲ್ಲ ಒಳಗೆಳೆದುಕೊಂಡು ಕಲ್ಲಾದವು. ಕಾಲು ಎಳೆದರೆ ಎಳೆದ ಹಾಗೇ ಇರುತ್ತಿತ್ತು. ಅತ್ತ ಬಂದ ಹಡಗಿನ ಅಧಿಕಾರಿ ಮೂಗು ಮುಚ್ಚಿಕೊಂಡು ಸಮುದ್ರದ ಕಡೆ ಕೈ ತೋರಿಸಿದ. ಸತ್ತದ್ದನ್ನು ಇಟ್ಟುಕೊಂಡರೆ ಉಳಿದವಕ್ಕೂ ರೋಗ ಎಂದು ನನಗೂ ತೋರಿತು. ಒಂದನ್ನು ಎತ್ತಿ ಎಸೆದೆ.

ಎರಡನೆಯದನ್ನು ಎತ್ತಿದಾಗ ಕಾಳನ ಮಾತು ನೆನಪಾಯಿತು. ಬಿಸಿಲಿರಲಿಲ್ಲ. ಇಂಜಿನ್ ಮನೆಯ ಬಿಸಿ ಗೋಡೆಗೆ ಒತ್ತಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಚಿಪ್ಪಿನಿಂದ ಒಂದು ಮುದಿ ಮೂತಿ ಹೊರಗೆ ಬಂತು. ನಾನು ಹಡಗಿನ ಅಂಚಿನ ಕಟಾಂಜನ ಹಿಡಿದು ಹಿಂದಿನ ನೀರನ್ನು ನೋಡುತ್ತ ನಿಂತೆ. ಮೊದಲನೆಯದೂ ಬದುಕಿತ್ತು.

ಟಿಲ್ಬರಿ, ಮತ್ತು ತೋಟದ ಊರು

ಟಿಲ್ಬರಿ ಬಂದರಿನಲ್ಲಿ ನಮಗಾಗಿ ಕಾದಿದ್ದವನು ದೊರೆಯ ತೋಟದ ಆಳು ವಾಕರ್. ಹಿಂದೆ ಬೆಂಗಳೂರು ದಂಡಿನಲ್ಲಿ ಸಿಪಾಯಿಯಾಗಿದ್ದವನು, ಮುರುಕು ಹಿಂದೂಸ್ತಾನಿ ಬರುತ್ತಿತ್ತು. ಅವನು ಬಾಷಾ ಸಾಬರಿಗೆ ಹೇಳುವುದು, ಅವರು ನನಗೆ ಕನ್ನಡದಲ್ಲಿ ಹೇಳುವುದು. ಹೀಗೆ ನಮ್ಮ ಸಂಸಾರ ಸಾಗಿತು. ದೊರೆ ಬೇರೆಲ್ಲೋ ಇದ್ದರು, ನಾವು ಹೊರಡುವ ಮುಂಚೆ ಬರುವುದಾಗಿ ಹೇಳಿಕಳಿಸಿದ್ದರು. ಪ್ರಾಣಿಗಳು ಹೊಂದಿಕೊಳ್ಳುವ ತನಕ ಒಂದು ತಿಂಗಳು ನಾವು ಅವರ ತೋಟದಲ್ಲೇ ಇರಬೇಕಾಗಿತ್ತು.

ಆ ಊರಿನವರು ಮಾತಿಗೆ ಮುಂಚೆ ಆಕಾಶ ನೋಡುತ್ತಾರೆ. ಮಳೆ ಬರಬಹುದು ಎಂದು ಒಬ್ಬರು, ಬಾರದಿರಬಹುದು ಎಂದು ಇನ್ನೊಬ್ಬರು. ಬೆಳೆ ಇರುವವರ ಮಾತೆಂದು ನಾನು ತಿಳಿದಿದ್ದೆ, ವಿಚಾರಿಸಿದರೆ ಯಾರಿಗೂ ಹೊಲವಿಲ್ಲ. ಒಂದು ದಿನ ಬಿಸಿಲು ಬಂತು. ಗಂಡಸರು ಹೆಂಗಸರು ಎಲ್ಲ ಹೊರಗೆ ಬಂದು ಹುಲ್ಲಿನ ಮೇಲೆ ಕಣ್ಣು ಮುಚ್ಚಿ ಮಲಗಿಬಿಟ್ಟರು. ಒಬ್ಬನಂತೂ ಬಾಯಿಯನ್ನೂ ತೆರೆದುಕೊಂಡಿದ್ದ.

"ನೋಡೋ ಕಾಳಪ್ಪ, ಥೇಟ್ ನಿನ್ನ ಮೊಸಳೆಗಳೇ," ಎಂದರು ಬಾಷಾ ಸಾಬರು.

ಅದೇ ವಾರ ಕಲ್ಲಿನ ಸಂದಿಯಲ್ಲಿ ಕಂದು ಬಣ್ಣದ, ಹೊಳೆಯುವ ಗೇಣುದ್ದದ ಹಾವು ಕಂಡೆ. ಕೋಲೆತ್ತಿದೆ. ವಾಕರ್ ಓಡಿಬಂದು ಕೈ ಹಿಡಿದ. ಅದನ್ನು ಅಂಗೈಗೆ ತೆಗೆದುಕೊಂಡು ಮುಖದ ಹತ್ತಿರ ತಂದ. ಅದು ರೆಪ್ಪೆ ಬಡಿಯಿತು! ಹಾವಿಗೆ ರೆಪ್ಪೆಯಿಲ್ಲ. ಇದು ಕಾಲಿಲ್ಲದ ಹಲ್ಲಿಯಂತೆ. ಮೋಸಹೋದೆನಲ್ಲ ಎಂದುಕೊಂಡೆ. ಕಾಳ ಇದ್ದಿದ್ದರೆ ಮೊದಲು ಕಣ್ಣು ನೋಡುತ್ತಿದ್ದ, ಆಮೇಲೆ ಕೋಲು.

ಗಾಜಿನ ಮನೆ

ಹೊರಡಲು ಎರಡು ದಿನವಿದ್ದಾಗ ದೊರೆ ಬಂದರು. ಕೋಲೂರಿ ನಡೆಯುವ ತೆಳ್ಳನೆಯ ಮುದುಕರು. ನನ್ನನ್ನು ಕಂಡದ್ದೇ "ಕಾಲಾ!" ಎಂದು ಎರಡೂ ಕೈಗಳಿಂದ ನನ್ನ ಕೈ ಹಿಡಿದರು. ಅಷ್ಟು ಆದರವನ್ನು ನಾನು ಯಾರಿಂದಲೂ ಕಂಡಿರಲಿಲ್ಲ, ಅದೂ ನನ್ನದಲ್ಲ.

ಬಿಸಿನೀರಿನ ಕೊಳವೆ ಹಾಯಿಸಿದ ಆ ಗಾಜಿನ ಮನೆಯೊಳಗೆ ನಮ್ಮ ಚೈತ್ರದ ಸೆಕೆ. ದೊರೆ ಕೋಣೆಯಿಂದ ಕೋಣೆಗೆ ನಡೆಸುತ್ತ ತಮ್ಮ ಪ್ರಾಣಿಗಳ ವಂಶ ಹೇಳಿದರು. ಇವೆಲ್ಲ ಒಂದೇ ಹಳೆಯ ಬುಡದವು, ಚರ್ಮಕ್ಕೆ ಹುರುಪೆಯ ಹೊದಿಕೆ, ರಕ್ತಕ್ಕೆ ಸ್ವಂತ ಬಿಸಿಯಿಲ್ಲ. ಕಾಳನ ಒಲೆಯ ಮಾತೇ ಇಂಗ್ಲಿಷಿನಲ್ಲಿ ಬಂತು. ಇವಕ್ಕೆಲ್ಲ ಸೇರಿ ಕನ್ನಡದಲ್ಲೂ ಒಂದು ಹೆಸರಿದೆ, ಸರೀಸೃಪ ಎಂದು, ಊರಿಗೆ ಬಂದ ಮೇಲೆ ಮೇಷ್ಟರು ಹೇಳಿಕೊಟ್ಟರು. ಈಗ ಉಳಿದಿರುವುದು ನಾಲ್ಕು ಮನೆತನವಂತೆ.

ನಾನು ಅದನ್ನು ಪಾಲಾದ ಅಣ್ಣತಮ್ಮಂದಿರ ಕಥೆಯಂತೆ ಕೇಳಿಸಿಕೊಂಡೆ. ಆಮೆಯವರು ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡು ಬೇರೆಯಾದವರು. ಹೊಳೆಯದಿರಲಿ, ಕಡಲಿನದಿರಲಿ, ಬೆಟ್ಟದ್ದಿರಲಿ, ಎಲ್ಲವಕ್ಕೂ ಚಿಪ್ಪು, ಯಾವುದಕ್ಕೂ ಹಲ್ಲಿಲ್ಲ. ಹಲ್ಲಿ ಮತ್ತು ಹಾವಿನದು ಇನ್ನೂ ಪಾಲಾಗದ ಒಟ್ಟು ಕುಟುಂಬ, ಎಲ್ಲಕ್ಕಿಂತ ದೊಡ್ಡದು. ಓತಿ, ಉಡ, ಹಾವುರಾಣಿ, ಗೋಸುಂಬೆ, ನಾಗರ, ಹೆಬ್ಬಾವು ಎಲ್ಲ ಅದರಲ್ಲೇ. ಹಾವೆಂದರೆ ಯಾವುದೋ ಕಾಲದಲ್ಲಿ ಕಾಲು ಕಳೆದುಕೊಂಡ ಹಲ್ಲಿಯ ದಾಯಾದಿ ಎಂದು ದೊರೆ ಹೆಬ್ಬಾವಿನ ಬಾಲದ ಬುಡದಲ್ಲಿ ಎರಡು ಸಣ್ಣ ಉಗುರು ತೋರಿಸಿದರು. ಹಿಂಗಾಲಿನ ಗುರುತಂತೆ.

ತಂಪಾಗಿದ್ದ ಒಂದು ಕೋಣೆಯಲ್ಲಿ ಓತಿಯಂಥದ್ದೊಂದು ಕಲ್ಲಿನ ಮೇಲೆ ಕೂತಿತ್ತು. ಇಡೀ ತಿಂಗಳಲ್ಲಿ ಅದು ಅಲ್ಲಾಡಿದ್ದನ್ನು ನಾನು ಮೂರು ಸಲ ಕಂಡಿರಬಹುದು. ನ್ಯೂಜಿಲೆಂಡ್ ಎಂಬ ದ್ವೀಪದ್ದು, ಹೆಸರು ಟುವಟಾರ. ನೋಡಲು ಹಲ್ಲಿ, ಆದರೆ ಹಲ್ಲಿಯಲ್ಲ. ಅದರದೇ ಒಂದು ಮನೆತನ, ಉಳಿದವರೆಲ್ಲ ಮನುಷ್ಯ ಹುಟ್ಟುವ ಎಷ್ಟೋ ಮುಂಚೆ ಅಳಿದುಹೋದರಂತೆ.

"ಮನೆಗೆ ದೀಪ ಹಚ್ಚೋಕೆ ಇದೊಂದೇ ಉಳೀತು ಅನ್ನು," ಎಂದು ಬಾಷಾ ಸಾಬರು ನಿಟ್ಟುಸಿರು ಬಿಟ್ಟರು.

ಕೊನೆಗೆ ಮೊಸಳೆಗಳ ಕೊಳ. ನಾವು ತಂದ ಎರಡೂ ದಂಡೆಯ ಮೇಲಿದ್ದವು. ದೊರೆ ಕುರ್ಚಿ ತರಿಸಿ ಕೂತರು, ನನ್ನನ್ನೂ ಕೂರಿಸಿದರು. ಜೇಬಿನಿಂದ ಪುಸ್ತಕ ತೆಗೆದರು. ಮೊಸಳೆ ಹಲ್ಲಿಯ ಅಣ್ಣನೆಂದು ಜನ ತಿಳಿಯುತ್ತಾರೆ, ಮೂಳೆ ನೋಡಿದರೆ ಅದರ ಹತ್ತಿರದ ನೆಂಟರು ಹಕ್ಕಿಗಳು ಎಂದರು. ಆಮೇಲೆ ನನ್ನನ್ನೇ ನೋಡುತ್ತ ಕೇಳಿದರು: "ಹಕ್ಕಿ ಮರಿ ಸಾಕುತ್ತದೆ. ಮೊಸಳೆ? ತಾಯಿಯೇ ಮರಿಗಳನ್ನು ತಿನ್ನುತ್ತದೆಂದು ಕೇಳುತ್ತ ಬಂದಿದ್ದೇನೆ. ಬಾಯಲ್ಲಿ ಹೊತ್ತು ನೀರಿಗೆ ಬಿಟ್ಟದ್ದನ್ನು ನೀನು ಕಂಡೆ ಎಂದು ನನ್ನ ಗೆಳೆಯ ಹೇಳಿದ. ನಾನು ನಿನ್ನನ್ನು ಇಷ್ಟು ದೂರ ಕರೆಸಿದ್ದು ಇದೊಂದಕ್ಕೆ. ನೀನು ಕಣ್ಣಾರೆ ಕಂಡೆಯಾ? ಯಾವ ತಿಂಗಳು? ಎಷ್ಟು ಮರಿ? ತಾಯಿ ಮರಳನ್ನು ಕೆದಕಿದ್ದು ಮುಂಗಾಲಿನಿಂದಲೋ ಹಿಂಗಾಲಿನಿಂದಲೋ?"

ಮಾತು ಇಂಗ್ಲಿಷಿನಿಂದ ಹಿಂದೂಸ್ತಾನಿಗೆ, ಅಲ್ಲಿಂದ ಕನ್ನಡಕ್ಕೆ ಬರುವಷ್ಟು ಹೊತ್ತು ನನಗೆ ಸಮಯವಿತ್ತು. ಬಾಷಾ ಸಾಬರು ನಗುನಗುತ್ತ ಹೇಳಿ ಮುಗಿಸಿದರು. ಉತ್ತರ ಅವರಿಗೂ ಗೊತ್ತಿತ್ತಲ್ಲ. ನನಗೆ ಮುಂಗಾಲೋ ಹಿಂಗಾಲೋ ಗೊತ್ತಿರಲಿಲ್ಲ. ಒಂದು ತಪ್ಪು ಹೇಳಿದರೆ ಇನ್ನೊಂದು ಕೇಳುತ್ತಾರೆ, ನಾನು ಕಾಳನಲ್ಲವೆಂದು ಹೊರಬೀಳುತ್ತದೆ.

"ಇಲ್ಲ ಅನ್ನಿ ಸಾಬ್ರೇ," ಎಂದೆ. "ಅದು ಸುಮ್ಕೆ ಹರಿಗೋಲಿನೋರ ಹರಟೆ. ತಾಯೇ ತಿಂತದೆ."

ಬಾಷಾ ಸಾಬರ ನಗು ನಿಂತಿತು. "ಹಡಗಲ್ಲಿ ಕಂಡೆ ಅಂದೆ?"

"ಇಲ್ಲ ಅನ್ನಿ."

ಅವರು ತಲೆ ತಗ್ಗಿಸಿಕೊಂಡು ಹೇಳಿದರು. ದೊರೆಗೆ ಸಿಟ್ಟು ಬರಲಿಲ್ಲ. ನಿಜ ಹೇಳಿದ್ದಕ್ಕೆ ಸಂತೋಷ ಎಂದರು. ಪುಸ್ತಕ ತೆರೆದು, ಮೊದಲೇ ಬರೆದಿದ್ದ ಒಂದು ಸಾಲಿನ ಮೇಲೆ ನಿಧಾನವಾಗಿ ಗೆರೆ ಎಳೆದರು. ಆಮೇಲೆ ಆ ಕುರ್ಚಿಯಿಂದ ಏಳಲು ಅವರಿಗೆ ವಾಕರ್ ಕೈ ಕೊಡಬೇಕಾಯಿತು.

ಅಲ್ಲೇ, ಮರುದಿನ

ಬೆಳಿಗ್ಗೆ ಪೆಟ್ಟಿಗೆ ಬಿಚ್ಚುತ್ತ ಬಾಷಾ ಸಾಬರು ಕೇಳಿದರು: "ಯಾರೋ ನೀನು?"

ಎಲ್ಲ ಹೇಳಿದೆ. ಕಾಗದದ ಎರಡು ಸಾಲು, ಹೆಬ್ಬೆಟ್ಟು, ಆಮೆ, ಎಲ್ಲ. ಹೇಳಿ, "ತಪ್ಪಾಯ್ತು ಸಾಬ್ರೇ," ಎಂದೆ.

"ನನಗ್ಯಾಕೋ ಹೇಳ್ತೀಯ? ನನ್ನದೇನು ಕಿತ್ಕೊಂಡಿದೀಯ? ಮಾಫಿ ಕೇಳಬೇಕಾದೋನು ಕಪಿಲೆ ದಂಡೇಲವ್ನೆ." ಸ್ವಲ್ಪ ತಡೆದು, "ದೊರೆ ಇನ್ನೂ ಹೊರಟಿಲ್ಲ. ನಡಿ, ಹೇಳೋಣ. ನಾನೇ ಹೇಳ್ತೀನಿ, ನೀನು ಪಕ್ಕ ನಿಂತ್ಕೋ ಸಾಕು," ಎಂದರು.

ಬಾಗಿಲ ತನಕ ಹೋದೆವು. ಒಳಗೆ ದೊರೆ ತಿಂಡಿ ತಿನ್ನುತ್ತಿರುವುದು ಕಾಣುತ್ತಿತ್ತು. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಸುಳ್ಳು ಹೆಸರಲ್ಲಿ ಬಂದವನನ್ನು ಪೊಲೀಸರಿಗೆ ಕೊಡುತ್ತಾರೆ ಎಂದೆ. ಬಾಷಾ ಸಾಬರು ಹಿಂದಿರುಗಿದರು. ಬೊಂಬಾಯಿಯ ತನಕ ಅವರು ನನ್ನೊಂದಿಗೆ ಉಂಡರು, ಜ್ವರ ಬಂದಾಗ ನೀರು ಕೊಟ್ಟರು, ಆದರೆ ಮತ್ತೆ ಕಾಳಪ್ಪ ಎಂದು ಕರೆಯಲಿಲ್ಲ. ಸಿದ್ದ ಎಂದೂ ಕರೆಯಲಿಲ್ಲ.

ಕಪಿಲೆ

ಊರಿಗೆ ಬಂದು ಎಂಟು ತಿಂಗಳು ನಾನು ಈ ವಿಷಯ ಬಾಯಿ ಬಿಡಲಿಲ್ಲ. ಆ ಎಂಟು ತಿಂಗಳೂ ಕಾಳ ಹರಿಗೋಲು ಹತ್ತಿದವರಿಗೆಲ್ಲ ನನ್ನ ಪ್ರಯಾಣದ ಕಥೆ ಹೇಳಿದ. ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳುತ್ತಿದ್ದ. ಕಾಲಿಲ್ಲದ ಹಲ್ಲಿ ಕಣ್ಣು ಮಿಟುಕಿಸಿದ್ದಕ್ಕೆ ತಾನೇ ಕಣ್ಣು ಮಿಟುಕಿಸಿ ತೋರಿಸುತ್ತಿದ್ದ.

ಒಂದು ಮಧ್ಯಾಹ್ನ ಸರಗೂರಿನ ಕಡೆಯ ವ್ಯಾಪಾರಿಯೊಬ್ಬರು ಹರಿಗೋಲಿನಲ್ಲಿದ್ದರು. ಮರಳ ದಿಣ್ಣೆಯ ಮೇಲೆ ಮೊಸಳೆ ಕಂಡು, "ಥೂ, ಹೆತ್ತ ಮರೀನೇ ತಿನ್ನೋ ಜಾತಿ," ಎಂದು ಉಗಿದರು.

ಕಾಳ ಬಾಯಿ ತೆರೆದ. ನನ್ನ ಕಡೆ ಒಮ್ಮೆ ನೋಡಿದ. ಬಾಯಿ ಮುಚ್ಚಿ ಹುಟ್ಟು ಹಾಕಿದ.

ವ್ಯಾಪಾರಿ ಆಚೆ ದಡದಲ್ಲಿ ಇಳಿದು ಹೋದರು. ಹರಿಗೋಲಿನಲ್ಲಿ ನಾವಿಬ್ಬರೇ. ನಾನು ಹುಟ್ಟಿನ ಮೇಲೆ ಕೈಯಿಟ್ಟು ನಿಲ್ಲಿಸಿದೆ. ಕಾಗದದಲ್ಲಿ ನಿಜವಾಗಿ ಏನಿತ್ತೆಂದು ಹೇಳಿದೆ. ದೊರೆ ಯಾರನ್ನು ಕರೆಸಿದ್ದರು, ಏನು ಕೇಳಿದರು, ನಾನು ಏನೆಂದೆ, ಪುಸ್ತಕದಲ್ಲಿ ಗೆರೆ ಎಲ್ಲಿ ಬಿತ್ತು, ಒಂದನ್ನೂ ಬಿಡದೆ ಹೇಳಿದೆ. ಹರಿಗೋಲು ತನ್ನಷ್ಟಕ್ಕೆ ಸುತ್ತುತ್ತ ಕೆಳಕ್ಕೆ ಹೋಗುತ್ತಿತ್ತು. ಕಾಳ ಅದನ್ನು ತಡೆಯಲಿಲ್ಲ.

ಅವನು ಕೇಳಿದ: "ಅವ್ರು ಬರ್ಕಂಡಿದ್ರಾ? ನಾನ್ ಕಂಡಿದ್ದನ್ನ?"

"ಬರ್ಕಂಡಿದ್ರು."

"ಮುಂಗಾಲು ಕಣಣ್ಣಯ್ಯ," ಎಂದ, ನೀರು ನೋಡುತ್ತ. "ಮುಂಗಾಲಲ್ಲಿ ಕೆದಕ್ತು."

ನಮ್ಮಲ್ಲಿ ಅಣ್ಣ ತಮ್ಮನ ಕಾಲು ಮುಟ್ಟುವುದಿಲ್ಲ. ನಾನು ಮುಟ್ಟಲು ಬಗ್ಗಿದೆ, ಅವನು ಕಾಲೆಳೆದುಕೊಂಡ. ಬಗ್ಗಿದ ಹಾಗೆಯೇ ಕೂತು ಹೇಳಿದೆ.

"ನೀನ್ ಕಂಡಿದ್ದು ದಿಟ ಕಣ್ಲಾ ಕಾಳ. ನಿನ್ ದಾರೀನೂ ಕಿತ್ಕೊಂಡೆ, ನಿನ್ ಮಾತ್ನೂ ಸುಳ್ಳು ಮಾಡ್ಬುಟ್ಟೆ. ನನ್ನಿಂದ ತಪ್ಪಾಯ್ತು ಕಣಪ್ಪ, ತಪ್ಪಾಯ್ತು."